ಎಡಮಚ್ಚೆ, ಬಲಮಚ್ಚೆ

ಸಿನಿಮಾದ ಕೊನೆಯಲ್ಲಿ ಏನಾಯಿತೆಂದು ಗೊತ್ತಿದ್ದೂ ಗಂಡನಿಗೆ ಹೇಳದ ಹೆಂಡತಿಗೆ ಮಹಾರಾಜರ ಕಾನೂನಿನಲ್ಲಿ ಏನು ಶಿಕ್ಷೆಯಿದೆಯೋ ಹುಣಸೂರಿನ ಹಿಂಡಿ ಅಂಗಡಿಯ ಚಿಕ್ಕಬಸಪ್ಪನಿಗೆ ತಿಳಿಯದು. ತಿಳಿದಿದ್ದರೆ ಆ ಬೆಳಗ್ಗೆಯೇ ಅಮಲ್ದಾರರ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದ. ತಿಳಿಯದ ಕಾರಣ ತನ್ನ ಮನೆಯ ಅಟ್ಟದ ಏಣಿ ಹತ್ತಿದ.

ತಲೆಗೆ ಹಳೆಯ ವಸ್ತ್ರ ಸುತ್ತಿ, ಕೈಯಲ್ಲಿ ಪೊರಕೆ ಹಿಡಿದು, ಅಪ್ಪ ತಾತಂದಿರ ಕಾಲದ ಧೂಳಿನ ನಡುವೆ ಮಂಡಿಯೂರಿದ್ದ ಅವನು ಕೆಳಕ್ಕೆ ಇಣುಕಿ ಕೇಳಿದ:

"ಚಾಮುಂಡಿ, ಅರ್ಧ ಅಟ್ಟ ಆಯ್ತು. ಅರ್ಧ ಕಥೆನಾದ್ರೂ ಹೇಳು."

ಕೆಳಗೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಚಾಮುಂಡಮ್ಮ ತಲೆ ಎತ್ತಲಿಲ್ಲ.

"ಅರ್ಧ ಅಟ್ಟಕ್ಕೆ ಕಥೆ ಇಲ್ಲ ಕಣ್ರೀ. ಆ ಮೂಲೇಲಿ ಇಲಿ ಗೂಡು ಕಟ್ಟದೆ. ಅದನ್ನ ತೆಗೀರಿ, ಆಮೇಲೆ ನೋಡಣ."

ಚಿಕ್ಕಬಸಪ್ಪ ಸೀನಿದ. ಇಲಿಯೂ ಸೀನಿತೆಂದು ಅವನು ಆಮೇಲೆ ಹೇಳಿಕೊಂಡದ್ದುಂಟು. ಅದನ್ನು ನಂಬಬೇಕಾಗಿಲ್ಲ.

ಇಂಥ ದುರವಸ್ಥೆ ಬಂದೊದಗಿದ್ದು ಹೀಗೆ.

ಆ ಬೇಸಗೆಯಲ್ಲಿ ಲಕ್ಷ್ಮಣತೀರ್ಥದ ದಡದ ಬಯಲಿನಲ್ಲಿ ಡೇರೆ ಸಿನಿಮಾ ಬಂದು ಕೂತಿತ್ತು. ಗೋಷಾದ ಹೆಂಗಸರೂ ಮರ್ಯಾದಸ್ಥರ ಮನೆಯ ಹೆಂಗಸರೂ ಸಂಕೋಚವಿಲ್ಲದೆ ಬರಲಿ ಎಂದು ಡೇರೆಯವರು ನಟ್ಟನಡುವೆ ಬಿಳಿಯ ಬಟ್ಟೆಯ ಪರದೆ ಕಟ್ಟಿದ್ದರು. ಯಂತ್ರವಿದ್ದ ಕಡೆ ಗಂಡಸರು, ಪರದೆಯ ಆಚೆ ಕಡೆ ಹೆಂಗಸರು. ಬಟ್ಟೆಗೆ ಆಗಾಗ ನೀರು ಚಿಮುಕಿಸುತ್ತಿದ್ದರು. ಒದ್ದೆಯಾದ ಬಟ್ಟೆಯಲ್ಲಿ ಚಿತ್ರ ಆ ಬದಿಗೂ ಸೊಗಸಾಗಿ ಮೂಡುತ್ತಿತ್ತು. ಗಂಡಸರ ಬಾಗಿಲು ಊರ ಕಡೆಗೆ, ಹೆಂಗಸರ ಬಾಗಿಲು ಹೊಳೆಯ ಕಡೆಗೆ. ಒಂದು ಕಡೆಯವರು ಇನ್ನೊಂದು ಕಡೆ ಕಾಲಿಟ್ಟವರಲ್ಲ.

ಡೇರೆ ಇದ್ದಷ್ಟು ದಿನವೂ ಚಿಕ್ಕಬಸಪ್ಪ ಅಂಗಡಿಯಲ್ಲಿ ದೇಹವನ್ನಿಟ್ಟು ಡೇರೆಯಲ್ಲಿ ಪ್ರಾಣವನ್ನಿಟ್ಟಿದ್ದ. ಅವನಿಗೆ ಬೇಕಾದದ್ದು ಕತ್ತಿ, ಕತ್ತಲೆ, ಗುಪ್ತದ್ವಾರ, ಕರಿಯ ನಿಲುವಂಗಿ ತೊಟ್ಟ ಕೊಲೆಗಾರ. ಪ್ರಣಯ ಬಂದರೆ ಅವನಿಗೆ ಕೆಮ್ಮು ಬರುತ್ತಿತ್ತು. ಕತ್ತಿ ಬಂದರೆ ಕೆಮ್ಮು ನಿಲ್ಲುತ್ತಿತ್ತು. ಚಾಮುಂಡಮ್ಮನದು ಬೇರೆ ದಾರಿ. ಕತ್ತಿ ಬಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು. ನಾಯಕ ನಾಯಕಿಯರು ಹೂದೋಟಕ್ಕೆ ಬಂದರೆ ಸೆರಗು ತೆಗೆದು, ಅವರು ಅಗಲಿದರೆ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು. ದಾರಿಯಲ್ಲಿ ಅವಳು "ಆ ಹುಡ್ಗಿ ಅಲ್ಲಿ ಯಾಕೆ ಅಂಗಂದ್ಲು ಅಂದ್ರೆ..." ಎಂದು ಬಾಯಿ ತೆರೆದರೆ ಚಿಕ್ಕಬಸಪ್ಪ ಅಲ್ಲೇ ತಡೆಯುತ್ತಿದ್ದ.

"ಸುಮ್ನಿರೇ. ನೀನು ಅಳೋದಕ್ಕೆ ಹೋಗೋಳು. ನಿಂಗೇನು ತಿಳೀತದೆ ಕಥೆ?"

ಹೀಗೆ ಗಂಡ ಹೆಂಡಿರು ಒಂದೇ ಡೇರೆಗೆ ಹೋಗಿ ಬಂದರೂ ಅವಳು ಕಂಡ ಸಿನಿಮಾ ಏನೆಂದು ಅವನು ಒಂದು ದಿನವೂ ಕೇಳಿರಲಿಲ್ಲ.

ಡೇರೆ ಕೀಳುವ ಹಿಂದಿನ ಸಂಜೆ ಒಂದೇ ಒಂದು ಆಟಕ್ಕೆ ಹೊಸ ಚಿತ್ರ ಬಂತು. ಅದರಲ್ಲಿ ಪ್ರಣಯವೂ ಇತ್ತು, ಕೊಲೆಯೂ ಇತ್ತು. ಮಾತೆಲ್ಲ ಹಿಂದಿಯದು. (ಹಿಂಡಿ ಮಾರುವವನಿಗೆ ಹಿಂದಿ ಬರದೆ ಇರುತ್ತದೆಯೇ ಎಂಬುದು ಚಿಕ್ಕಬಸಪ್ಪನ ವಾದ. ಬರುತ್ತಿರಲಿಲ್ಲ.) ಜಮೀನುದಾರನೊಬ್ಬನಿಗೆ ಅವಳಿ ಮಕ್ಕಳು. ಅಚ್ಚಿನಲ್ಲಿ ತೆಗೆದ ಹಾಗೆ ಒಂದೇ ರೂಪ. ಗುರುತಿಗೆ ಒಬ್ಬನ ಒಂದು ಕೆನ್ನೆಯಲ್ಲಿ ಮಚ್ಚೆ, ಇನ್ನೊಬ್ಬನ ಇನ್ನೊಂದು ಕೆನ್ನೆಯಲ್ಲಿ ಮಚ್ಚೆ. ಹೆಸರುಗಳು ನಾಲಿಗೆಗೆ ಹತ್ತದ್ದರಿಂದ ನೋಡಿದವರೆಲ್ಲ ಅವರನ್ನು ಎಡಮಚ್ಚೆ, ಬಲಮಚ್ಚೆ ಎಂದೇ ಕರೆದರು. ಚಿಕ್ಕಬಸಪ್ಪ ಕಂಡಂತೆ ಬಲಮಚ್ಚೆ ದೇವರಂಥವನು. ಕುರುಡು ತಾಯಿಗೆ ತುತ್ತು ಕೊಡುವವನು, ತೋಟದ ಮಾಲಿಯ ಮಗಳನ್ನು ಮನಸಾರೆ ಒಲಿದವನು. ಎಡಮಚ್ಚೆ ಚಾವಟಿ ಹಿಡಿದ ಪರಮ ನೀಚ. ಅಪ್ಪನನ್ನು ಕೊಂದು, ಉಯಿಲನ್ನು ಹರಿದು, ಮನೆಗೆ ಬೆಂಕಿಯಿಟ್ಟವನು. ಕಡೆಗೆ ಇಬ್ಬರೂ ಬೆಂಕಿಯಿಂದ ಪಾರಾಗಿ ಬೆಟ್ಟದ ತುದಿಗೆ ಬಂದು ನಿಂತರು. ಒಂದೇ ಬಗೆಯ ಬಟ್ಟೆ, ಮುಖದ ತುಂಬ ಮಸಿ, ಮಚ್ಚೆ ಕಾಣದು. ನಡುವೆ ಆ ಹುಡುಗಿ. "ನಾನೇ ನಿನ್ನವನು" ಎಂದು ಇವನೂ ಅಂದ, ಅವನೂ ಅಂದ. ಅಷ್ಟರಲ್ಲಿ ಸುರುಳಿ ಮುಗಿದು ದೀಪ ಹತ್ತಿತು.

ಹೊಸ ಸುರುಳಿ ಹಾಕುವಷ್ಟು ಹೊತ್ತು ಗಂಡಸರು ಹೊರಗೆ ಹೋಗಿ ಬರುವುದು ವಾಡಿಕೆ. ಹೋಗುವವರಿಗೆ ಬಾಗಿಲು ಕಾಯುವ ಮುಖ್ತಾರ್ ಎಂಬವನು ಒಂದು ಚೀಟಿ ಕೊಡುತ್ತಿದ್ದ. ಅದನ್ನು ತೋರಿಸಿದರೆ ಮತ್ತೆ ಒಳಗೆ. ಚಿಕ್ಕಬಸಪ್ಪ ಚೀಟಿ ಹಿಡಿದು ಹೊರಗೆ ಬಂದ. ಕಡಲೆಪುರಿ ಮಾರುವವರು, ಒಳಗೆ ಬರಲಾಗದೆ ನಿಂತವರು ಅವನನ್ನು ಸುತ್ತಿಕೊಂಡರು. ಅವನಿಗೆ ಆವೇಶ ಬಂತು. ಕೊಲೆ ಮಾಡಿ ತೋರಿಸಿದ, ಚಾವಟಿ ಬೀಸಿ ತೋರಿಸಿದ. "ಆಮೇಲೆ ಆ ಪಾಪಿ ಉಯಿಲನ್ನ ಎಂಗೆ ಹರಿದ ಗೊತ್ತಾ? ಇಂಗೆ" ಎಂದು ಕೈಯಲ್ಲಿದ್ದುದನ್ನು ಚೂರು ಚೂರಾಗಿ ಹರಿದು ಗಾಳಿಗೆ ತೂರಿದ. ಜನ ಬೆರಗಾದರು. ಒಳಗೆ ದೀಪ ಆರಿತು. ಚಿಕ್ಕಬಸಪ್ಪ ಬಾಗಿಲಿಗೆ ಓಡಿ ಕೈ ಚಾಚಿ ನೋಡಿಕೊಂಡರೆ ಕೈ ಬರಿದಾಗಿತ್ತು.

"ಚೀಟಿ" ಎಂದ ಮುಖ್ತಾರ್.

"ನಾನು ಕಣಯ್ಯಾ, ಹಿಂಡಿ ಅಂಗಡಿ ಚಿಕ್ಕಬಸಪ್ಪ. ದಿನಾ ನೋಡ್ತಿಲ್ವಾ?"

"ದಿನಾ ನೋಡ್ತೀನಿ. ದಿನಾ ಚೀಟಿ ಕೊಡ್ತೀರಿ. ಇವತ್ತೂ ಕೊಡಿ."

ಹೀಗೆ ಹುಣಸೂರಿನ ಮಹಾ ಸಿನಿಮಾ ಪಂಡಿತ ಕೊನೆಯ ಸುರುಳಿಯನ್ನು ಡೇರೆಯ ಬಟ್ಟೆಗೆ ಕಿವಿಯಿಟ್ಟು ಕೇಳಿದ. ಒಂದು ಚೀತ್ಕಾರ ಕೇಳಿಸಿತು. ಯಾರೋ ಬೆಟ್ಟದಿಂದ ಬಿದ್ದರು. ಆಮೇಲೆ ಓಲಗ ಕೇಳಿಸಿತು, ಯಾರಿಗೋ ಮದುವೆಯಾಯಿತು. ಯಾರು ಬಿದ್ದರು, ಯಾರು ತಾಳಿ ಕಟ್ಟಿದರು ಎಂಬುದನ್ನು ಓಲಗ ಹೇಳಲಿಲ್ಲ. ಮರುದಿನ ಡೇರೆ ಪಿರಿಯಾಪಟ್ಟಣಕ್ಕೆ ಹೊರಟಿತು, ಚಿತ್ರದ ಪೆಟ್ಟಿಗೆ ಮೈಸೂರಿನ ಬಸ್ಸು ಹತ್ತಿತು.

ಇಷ್ಟೇ ಆಗಿದ್ದರೆ ಹೋದರೆ ಹೋಯಿತೆಂದು ಸುಮ್ಮನಾಗಬಹುದಿತ್ತು. ಆದರೆ ಸಂತೆಯ ದಿನ ಗಾವಡಗೆರೆಯ ಕಡೆಯ ರೈತರೆಲ್ಲ ಹಿಂಡಿಗೆ ಅವನ ಅಂಗಡಿಗೇ ಬರುತ್ತಿದ್ದುದು ಕಥೆಯ ಆಸೆಗೆ. ಕತ್ತಲಾಗುವ ಮುಂಚೆ ಗಾಡಿ ಊರು ಸೇರಬೇಕಾದ ಅವರಿಗೆ ಸಂಜೆಯ ಆಟ ನೋಡುವ ಭಾಗ್ಯವಿರಲಿಲ್ಲ. ಅವರಲ್ಲಿ ಹಿರಿಯರು ಜವರಯ್ಯ ಗೌಡರು. ಆ ಸಂತೆಯಲ್ಲಿ ಚಿಕ್ಕಬಸಪ್ಪ ಕಥೆಯನ್ನು ಬೆಟ್ಟದ ತುದಿಯವರೆಗೆ ತಂದು, ಮುಂದೆ ದಾರಿ ಕಾಣದೆ, "ಉಳಿದದ್ದು ಬರೋ ಸಂತೆಗೆ" ಎಂದುಬಿಟ್ಟ. ಅದನ್ನು ಜನ ಅವನ ಕಲೆಯೆಂದು ತಿಳಿದು ತಲೆದೂಗಿದರು. ಚಿತ್ರ ನೋಡಿದ ಗಂಡಸರನ್ನು ಕೇಳೋಣವೆಂದರೆ, ಪೂಜಾರಿಯೇ ಬೀದಿಯಲ್ಲಿ ನಿಂತು ಗುಡಿಗೆ ದಾರಿ ಯಾವುದೆಂದು ಕೇಳಿದಂತಾಗುತ್ತದೆ. ಉಳಿದವಳು ಒಬ್ಬಳೇ, ಕಥೆ ತಿಳಿಯದವಳು, ಅಳುವುದಕ್ಕೆ ಹೋಗುವವಳು.

"ಕಡೇಲಿ ಏನಾಯ್ತೇ?" ಎಂದು ಅವನು ಏನೂ ಆಗದವನ ಹಾಗೆ ಕೇಳಿದ್ದ.

"ನಂಗೇನು ತಿಳೀತದೆ ಕಥೆ?" ಎಂದಳು ಚಾಮುಂಡಮ್ಮ. ಮೇಲಕ್ಕೊಮ್ಮೆ ನೋಡಿ, "ಅಟ್ಟ ಗುಡಿಸಿ ಎಷ್ಟು ವರ್ಷ ಆಯ್ತು?" ಎಂದಳು.

ಇಲಿಯ ಗೂಡು ಕೆಳಗಿಳಿದ ಮೇಲೆ ಚಾಮುಂಡಮ್ಮ ಮಾತು ಉಳಿಸಿಕೊಂಡಳು.

"ಬೆಟ್ಟದ ಮೇಲೆ ಆ ಹುಡ್ಗಿ ಇಬ್ರನ್ನೂ ನೋಡಿದ್ಲಾ? ನೋಡಿ, ನೋಡಿ, ಒಬ್ಬನ್ನ ಬೆರಳು ಮಾಡಿ ತೋರಿಸಿದ್ಲು, ಇವ್ನೇ ಅಂತ."

"ಯಾರನ್ನ?"

"ಬಚ್ಚಲ ಹಂಡೆ ಬರಿದಾಗದೆ ಕಣ್ರೀ."

ಚಿಕ್ಕಬಸಪ್ಪ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದ. ಹಂಡೆಯ ಬೆಲೆಗೆ ಸಿಕ್ಕಿದ್ದು ಇಷ್ಟು: ಬೆರಳು ಮಾಡಿಸಿಕೊಳ್ಳದವನು ಚೂರಿ ತೆಗೆದ, ಇಬ್ಬರೂ ಹಿಡಿದಾಡಿದರು, ಒಬ್ಬ ಬಿದ್ದ. ಯಾರೆಂಬುದರ ಬೆಲೆ ಮಾತ್ರ ಆಕಾಶಕ್ಕೇರಿತ್ತು.

"ನಮ್ಮವ್ವ ಬಂದು ನಾಕು ದಿನ ಇದ್ದು ಹೋಗ್ಲಿ. ನೀವೇ ಹೋಗಿ, ನೀವೇ ಬಾಯ್ತುಂಬ ಕರೆದು, ಗಾಡೀಲಿ ಕೂರ್ಸ್ಕೊಂಡು ಬನ್ನಿ."

ಅತ್ತೆ ಸಣ್ಣತಾಯಮ್ಮನವರು ಚುಂಚನಕಟ್ಟೆಯಲ್ಲಿದ್ದರು. ಅಲ್ಲಿ ಧುಮುಕುವ ಕಾವೇರಿಯ ಸದ್ದಿಗಿಂತ ತಮ್ಮ ಮಾತು ಮೇಲೆ ಕೇಳಬೇಕೆಂದು ಅವರು ಹುಟ್ಟಿನಿಂದ ಅಭ್ಯಾಸ ಮಾಡಿದವರು. ಆ ಗಂಟಲನ್ನು ಗಾಡಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು, ದಾರಿಯುದ್ದಕ್ಕೂ ತನ್ನ ಎತ್ತು, ತನ್ನ ಗಾಡಿ, ತನ್ನ ವಂಶ ಇವುಗಳ ದೋಷಗಳನ್ನು ಕೇಳಿಕೊಂಡು, ಚಿಕ್ಕಬಸಪ್ಪ ಸಂತೆಯ ದಿನದ ಬೆಳಗ್ಗೆ ಮನೆ ತಲುಪಿದ.

"ಈಗ ಹೇಳು. ತಾಳಿ ಕಟ್ಟಿದ್ದು ಯಾರು?"

"ಎಡಮಚ್ಚೆ."

ಚಿಕ್ಕಬಸಪ್ಪ ಕಂಬ ಹಿಡಿದುಕೊಂಡ.

"ಬಿದ್ದೋನು?"

"ಬಲಮಚ್ಚೆ. ಬಿದ್ದ, ಸತ್ತ, ಪೀಡೆ ತೊಲಗ್ತು."

"ಸರಿಯಾಗಿ ನೋಡಿದ್ಯಾ? ಆ ಹೊತ್ತಲ್ಲಿ ಸೆರಗು ಮುಚ್ಕೊಂಡಿರ್ಲಿಲ್ವಾ?"

"ಮದುವೇಲಿ ಯಾರಾದ್ರೂ ಸೆರಗು ಮುಚ್ಕೋತಾರಾ? ಹಸೆ ಮೇಲೆ ಮುಖ ತೊಳ್ಕೊಂಡು ಕೂತಿದ್ದ, ಎಡಗೆನ್ನೇಲಿ ಮಚ್ಚೆ ಹೊಳೀತಿತ್ತು. ಎಂಥ ಗಂಡು ಅಂತೀರಿ. ನಂಗೆ ಕಣ್ಣೀರೇ ನಿಲ್ಲಲಿಲ್ಲ."

"ಹಂಗಾದ್ರೆ ಆ ಹುಡ್ಗಿ ಗುರುತು ಹಿಡಿದದ್ದು ಹೆಂಗೆ?"

"ಅದು ಬೇರೆ ಬಾಬತ್ತು" ಎಂದು ಚಾಮುಂಡಮ್ಮ ಅವ್ವನಿಗೆ ಕಾಲು ತೊಳೆಯಲು ನೀರು ಕೊಡಲು ಹೋದಳು.

ಚಿಕ್ಕಬಸಪ್ಪ ಹೆಂಡತಿಯ ಬೆನ್ನನ್ನೇ ನೋಡುತ್ತ ನಿಂತ. ಚಾವಟಿ ಹಿಡಿದ ಕೊಲೆಗಡುಕನಿಗೆ ಮದುವೆಯಾದರೆ ಕಣ್ಣೀರು ಸುರಿಸುವವಳು. ಕುರುಡು ತಾಯಿಗೆ ತುತ್ತು ಕೊಟ್ಟವನು ಸತ್ತರೆ ಪೀಡೆ ತೊಲಗಿತೆನ್ನುವವಳು. ಇಷ್ಟು ವರ್ಷ ಇವಳ ಕೈಯ ಸಾರು ಉಂಡು ತಾನು ಬದುಕಿರುವುದು ತನ್ನ ಪೂರ್ವಜನ್ಮದ ಸುಕೃತವಿರಬೇಕು. ಇಲ್ಲವೇ ಇವಳಿಗೆ ಚಾವಟಿಯ ಗಂಡೇ ಮೆಚ್ಚೋ ಏನೋ ಎಂದು, ಎತ್ತಿನ ಬಾರುಕೋಲನ್ನು ಕೈಗೆತ್ತಿಕೊಂಡು ಒಂದು ಸಲ ಮೀಸೆ ತಿರುವಿಯೂ ನೋಡಿದ. "ಆ ಬಾರುಕೋಲು ಮೂಲೇಲಿ ಇಡಿ, ಯಾರಿಗಾದ್ರೂ ಚುಚ್ಚೀತು" ಎಂದು ಒಳಗಿನಿಂದ ಅತ್ತೆಯ ಧ್ವನಿ ಬಂತು. ಇಟ್ಟ.

ಮಧ್ಯಾಹ್ನ ಅಂಗಡಿಯ ಮುಂದೆ ಗಾಡಿಗಳು ನೆರೆದವು. ಜವರಯ್ಯ ಗೌಡರು ಕಡಲೆಕಾಯಿ ಹಿಂಡಿಯ ಮೂಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು.

"ಬೇಗ ಹೇಳ್ಲಾ ಬಸಪ್ಪ. ನಮ್ಮವ್ವಂಗೆ ಕಥೆ ಹೇಳಿದ್ನಾ, ಆ ಮುದುಕಿ ನಿದ್ದೆ ಬುಟ್ಟವಳೆ. ಬಲಮಚ್ಚೆ ಉಳುಕೊಂಡ್ರೆ ಚುಂಚನಕಟ್ಟೆ ರಾಮದೇವ್ರಿಗೆ ತೆಂಗಿನಕಾಯಿ ಒಡೀತೀನಿ ಅಂತ ಹರಕೆ ಕಟ್ಟವಳೆ."

ಚಿಕ್ಕಬಸಪ್ಪ ತಕ್ಕಡಿಯನ್ನು ಎರಡು ಸಲ ಒರೆಸಿದ. ಆದರೆ ಕಣ್ಣಾರೆ ಕಂಡವಳ ಮಾತನ್ನು ಮೀರುವಂತಿಲ್ಲ. ಆ ಹುಡುಗಿ ಮೋಸಹೋಗಿ ಎಡಮಚ್ಚೆಯ ಕಡೆಗೇ ಬೆರಳು ಮಾಡಿದಳೆಂದೂ, ಬಲಮಚ್ಚೆ ಬೆಟ್ಟದಿಂದ ಬಿದ್ದನೆಂದೂ, ಓಲಗ ಊದಿದರೆಂದೂ ಹೇಳಿ ಮುಗಿಸಿದ. ಗೌಡರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಅದನ್ನು ಕಂಡು ಹೆದರಿ, "ಇದು ಹೊಸ ಥರದ ಕಥೆ ಗೌಡ್ರೆ. ಲೋಕ ಇರೋದೇ ಹಿಂಗೆ ಅಂತ ತೋರ್ಸವ್ರೆ. ತಿಳಿದೋರಿಗೆ ತಿಳೀತದೆ" ಎಂದು ಒಂದು ವೇದಾಂತವನ್ನೂ ಸೇರಿಸಿದ.

ಜವರಯ್ಯ ಗೌಡರು ಮೂಟೆಯಿಂದ ಎದ್ದರು.

"ಲೋಕ ಎಂಗದೆ ಅಂತ ನಂಗೊತ್ತಿಲ್ವಾ? ಅದನ್ನ ತಿಳ್ಕಳಕೆ ನಿನ್ ಅಂಗಡಿಗೆ ಬರ್ಬೇಕಾ? ತಾಯಿಗೆ ಅನ್ನ ಇಕ್ದೋನ ಬೆಟ್ಟದಿಂದ ತಳ್ಳುದ್ರು, ಮನೆಗೆ ಬೆಂಕಿ ಇಕ್ದೋನಿಗೆ ಹೆಣ್ಣು ಕೊಟ್ರು. ನಮ್ಮವ್ವಂಗೆ ಏನ್ ಹೇಳ್ಲಿ ನಾನು?" ಅವರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದರು. "ಮೂಟೆ ಇಳುಸ್ಲಾ ಗಾಡಿಯಿಂದ. ನಿನ್ ಹಿಂಡಿ ನಮ್ ದನಕ್ಕೆ ಬ್ಯಾಡ."

ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದುಹೋದರು. ಚಿಕ್ಕಬಸಪ್ಪ ಇಳಿಸಿದ ಮೂಟೆಗಳ ನಡುವೆ ಇನ್ನೊಂದು ಮೂಟೆಯಂತೆ ಕೂತಿದ್ದು, ಆಮೇಲೆ ಹಿತ್ತಿಲಿಗೆ ಬಂದ. ಚಾಮುಂಡಮ್ಮ ಸೀರೆ ಒಗೆದು ತಂತಿಯ ಮೇಲೆ ಹರವುತ್ತಿದ್ದಳು.

"ನಿನ್ನ ಎಡಮಚ್ಚೆಯಿಂದ ನನ್ನ ಅಂಗಡಿ ಮುಚ್ಚಿಹೋಯ್ತು. ಆ ಕೊಲೆಗಡುಕನಿಗೆ ಹೆಣ್ಣು ಕೊಡೋ ಅಂಥದ್ದು ಏನಿತ್ತು?"

"ಯಾರು ಕೊಲೆಗಡುಕ? ಎಡಮಚ್ಚೆನಾ? ಬಾಯಿ ತೊಳ್ಕೊಳ್ಳಿ. ಕುರುಡು ತಾಯಿಗೆ ತುತ್ತು ಕೊಟ್ಟ ಚಿನ್ನದಂಥ ಹುಡ್ಗ."

"ತುತ್ತು ಕೊಟ್ಟೋನು ಬಲಮಚ್ಚೆ."

"ಎಡಮಚ್ಚೆ."

"ನಾನು ಈ ಕಣ್ಣಲ್ಲಿ ನೋಡಿದೀನಿ."

"ನಾನೇನು ಮೊಣಕಾಲಲ್ಲಿ ನೋಡಿದ್ನಾ?"

ಅಳಿಯನ ಕಣ್ಣು ಮದುವೆಯ ದಿನದಿಂದಲೂ ಅಷ್ಟಕ್ಕಷ್ಟೇ ಎಂದು ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು. ಆ ತೀರ್ಪು ಪಕ್ಕದ ಹಿತ್ತಿಲಿಗೂ ಕೇಳಿಸಿತು. ಹಾಸಿಗೆ ಹೊಲಿಯುವ ಅಹಮದ್ ಪಾಷಾನ ಹೆಂಡತಿ ಜೀನತುನ್ನೀಸಾ ಗೋಡೆಯ ಮೇಲಿಂದ ಮುಖ ತೋರಿಸಿದಳು. ಅವಳೂ ಆ ಸಂಜೆ ಚಾಮುಂಡಮ್ಮನ ಪಕ್ಕದಲ್ಲೇ ಕೂತು ನೋಡಿದವಳು. ಜಗಳ ಏನೆಂದು ಕೇಳಿ ತಿಳಿದು, ತುಸು ಯೋಚಿಸಿ, ಹೇಳಿದಳು:

"ಅಕ್ಕಾ, ನಂಗೆ ಆವತ್ತೇ ಒಂದು ಅನುಮಾನ ಬಂತು. ನಮ್ಮ ಉರ್ದು ಬಲದಿಂದ ಎಡಕ್ಕೆ ಓಡ್ತದೆ. ಅಲ್ಲಿ ಶುರುವಲ್ಲಿ ಉರ್ದೂಲಿ ಸಿನಿಮಾ ಹೆಸರು ಬಂತಲ್ಲ, ಅದು ಎಡದಿಂದ ಬಲಕ್ಕೆ ಓಡ್ತಿತ್ತು. ಒಂದಕ್ಷರ ಓದೋಕಾಗ್ಲಿಲ್ಲ. ಬೊಂಬಾಯಿಯೋರು ಹಂಗೇ ಬರೀತಾರೇನೋ ಅಂತ ಸುಮ್ನಾದೆ." ಅವಳು ತಂತಿಯ ಮೇಲಿನ ಒದ್ದೆ ಸೀರೆಯನ್ನು ನೋಡಿದಳು. "ಅಕ್ಕಾ, ಆ ಸೀರೆ ಮೇಲೆ ಒಂದು ಕಡೆ ಕುಂಕುಮದ ಬೊಟ್ಟು ಇಡಿ. ಅಣ್ಣಾ, ನೀವು ಅಲ್ಲೇ ನಿಲ್ಲಿ. ಅಕ್ಕ ಸೀರೆ ಹಿಂದಕ್ಕೆ ಹೋಗ್ಲಿ."

ಚಾಮುಂಡಮ್ಮ ಬೊಟ್ಟಿಟ್ಟು ಹಿಂದಕ್ಕೆ ಹೋದಳು. ತೆಳು ಸೀರೆಯಲ್ಲಿ ಬೊಟ್ಟು ಎರಡು ಬದಿಗೂ ಕೆಂಪಗೆ ಮೂಡಿತ್ತು.

"ಅಣ್ಣಾ, ಬೊಟ್ಟು ಯಾವ ಕಡೆ ಅದೆ?"

"ಬಲಗಡೆ."

"ಅಕ್ಕಾ, ನಿಮಗೆ?"

ಸೀರೆಯ ಹಿಂದಿನಿಂದ ಒಂದು ಬೆರಳು ಬೊಟ್ಟನ್ನು ಮುಟ್ಟಿ ನೋಡಿತು. ಆಮೇಲೆ ಚಾಮುಂಡಮ್ಮನ ಧ್ವನಿ ಮೆಲ್ಲಗೆ ಬಂತು.

"ಎಡಗಡೆ."

ಇಬ್ಬರೂ ಸೀರೆಯ ಅಂಚಿನಿಂದ ಇಣುಕಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಣಸೂರಿನ ಹೆಂಗಸರೆಲ್ಲ ಆ ಬೇಸಗೆಯಿಡೀ ಸಿನಿಮಾವನ್ನು ಬೆನ್ನ ಕಡೆಯಿಂದ ನೋಡಿದ್ದರು. ಚಾಮುಂಡಮ್ಮನಿಗೆ ನಗು ಬಂತು. ಚಿಕ್ಕಬಸಪ್ಪನಿಗೂ ಬಂತು, ಆದರೆ ಗಾಡಿಯಿಂದ ಇಳಿದ ಮೂಟೆಗಳು ನೆನಪಾಗಿ ಅರ್ಧಕ್ಕೇ ನಿಂತಿತು.

"ಪಾಪ, ಗೌಡ್ರ ತಾಯಿ" ಎಂದಳು ಚಾಮುಂಡಮ್ಮ, ಅಂಗಡಿಯಲ್ಲಿ ನಡೆದದ್ದೆಲ್ಲವನ್ನೂ ಕೇಳಿದ ಮೇಲೆ. "ಆ ಮುದುಕೀನ ಅಳಿಸಿದ್ವಲ್ಲ."

ಮುಂದಿನ ಸಂತೆಗೆ ಜವರಯ್ಯ ಗೌಡರು ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಬಂದರು, ಆದರೆ ಅಂಗಡಿಯ ಒಳಗೆ ಬರದೆ ಎದುರಿನ ಮರದ ಕೆಳಗೆ ಗಾಡಿ ಬಿಟ್ಟು, ಈ ಕಡೆಗೆ ಬೆನ್ನು ಮಾಡಿ ಕೂತರು. ಚಿಕ್ಕಬಸಪ್ಪ ತಾನೇ ಹೋಗಿ ಕೈ ಹಿಡಿದು ಕರೆತಂದ.

"ಗೌಡ್ರೆ, ಹೋದ ಸಂತೇಲಿ ನಿಮ್ಮನ್ನೆಲ್ಲ ಪರೀಕ್ಷೆ ಮಾಡ್ದೆ. ನಿಜವಾಗಿ ತಾಳಿ ಕಟ್ಟಿದ್ದು ಬಲಮಚ್ಚೆ."

ಗೌಡರು ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಹೋದ ಸಂತೇಲಿ ಎಡ. ಈ ಸಂತೇಲಿ ಬಲ. ಬರೋ ಸಂತೆಗೆ ಹಣೆ ಮಧ್ಯಕ್ಕೆ ಬತ್ತದಾ ಮಚ್ಚೆ? ಹಿಂಡಿ ಮಾರಕ್ಕೆ ಕಥೆ ತಿರುಗುಸ್ತೀಯಾ?"

ಎಲ್ಲರೂ ನಕ್ಕರು. ಚಿಕ್ಕಬಸಪ್ಪ ದೇವರಾಣೆ ಇಟ್ಟ, ತಕ್ಕಡಿ ಮುಟ್ಟಿ ಆಣೆ ಇಟ್ಟ. (ವ್ಯಾಪಾರಿ ತಕ್ಕಡಿ ಮುಟ್ಟಿದರೆ ಇದ್ದ ನಂಬಿಕೆಯೂ ಹೋಗುತ್ತದೆಂದು ಅವನಿಗೆ ತೋಚಲಿಲ್ಲ.) ಆಗ ಅಂಗಡಿಗೂ ಮನೆಗೂ ನಡುವೆ ಇಳಿಬಿಟ್ಟಿದ್ದ ಗೋಣಿಯ ಪರದೆಯ ಹಿಂದಿನಿಂದ ಒಂದು ಧ್ವನಿ ಬಂತು.

"ಅವರು ಹೇಳ್ತಿರೋದು ನಿಜ ಕಣ್ರಪ್ಪ. ಬಲಮಚ್ಚೆ ಉಳ್ಕೊಂಡ. ಆದ್ರೆ ಪರೀಕ್ಷೆ ಅಂದಿದ್ದು ಸುಳ್ಳು. ಕಡೇ ಭಾಗ ಇವರು ನೋಡೇ ಇಲ್ಲ. ಒಳಗೆ ಹೋಗೋ ಚೀಟೀನ ಹರ್ದಾಕ್ಕೊಂಡು ಡೇರೆ ಆಚೆ ನಿಂತಿದ್ರು. ನೋಡಿದೋಳು ನಾನು."

ಗೌಡರು ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ಮೂಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ತಣ್ಣಗಾದ ಮೇಲೆ ಪರದೆಯ ಕಡೆಗೆ ತಿರುಗಿ ಕೂತು, "ಹಂಗಾದ್ರೆ ನೀನೇ ಹೇಳವ್ವಾ" ಎಂದರು.

ಚಾಮುಂಡಮ್ಮ ಹೇಳಿದಳು. ಸೀರೆಯ ಬೊಟ್ಟಿನ ಸಮಾಚಾರದಿಂದ ಶುರುಮಾಡಿ ಬೆಟ್ಟದ ತುದಿಗೆ ಬಂದಳು. ಚಿಕ್ಕಬಸಪ್ಪ ಚಾವಟಿ ಬೀಸಿ, ನೆಲಕ್ಕೆ ಬಿದ್ದು ಹೇಳುತ್ತಿದ್ದುದನ್ನು ಅವಳು ಅಕ್ಕಿ ಕೇರುವ ಹಾಗೆ ಮೆಲ್ಲಗೆ, ಕಲ್ಲನ್ನೆಲ್ಲ ಬೇರೆ ಮಾಡುತ್ತ ಹೇಳಿದಳು. ಬೆಟ್ಟದ ಗಾಳಿಗೆ ಆ ಹುಡುಗಿಯ ಕೂದಲು ಕಣ್ಣಿಗೆ ಬಂದದ್ದು, ಕುರುಡು ತಾಯಿ ಕೆಳಗೆ ನಿಂತು ಮಗನ ಹೆಸರು ಹಿಡಿದು ಕೂಗಿದ್ದು. ಪ್ರಣಯವೆಂದರೆ ಕೆಮ್ಮುತ್ತಿದ್ದ ಚಿಕ್ಕಬಸಪ್ಪ ಕೈಯಲ್ಲಿ ತಕ್ಕಡಿ ಹಿಡಿದು ಮರೆತುಬಿಟ್ಟ.

"ಸರಿಯವ್ವಾ, ಕಾಯಿ ಒಡುದು ಪ್ರಸಾದ ನಿಂಗೇ ತಂದು ಕೊಡ್ತೀನಿ" ಎಂದರು ಗೌಡರು ಮೂಗೊರೆಸಿಕೊಂಡು. "ಒಂದು ಮಾತು. ಮಚ್ಚೆ ಕಾಣ್ತಿರ್ಲಿಲ್ಲ, ಮುಖದ ತುಂಬ ಮಸಿ. ಆ ಹೆಣ್ಮಗ ಎಂಗೆ ಗುರುತು ಹಿಡುದ್ಲು?"

ಪರದೆಯ ಹಿಂದೆ ಬಳೆಗಳ ಸದ್ದು.

"ಒಲೆ ಮೇಲೆ ಅನ್ನ ಇಟ್ಟಿದೀನಿ, ಸೀದೋಗ್ತದೆ. ಅದು ಬರೋ ಸಂತೆಗೆ."

ಎಲ್ಲರ ಕಣ್ಣೂ ಚಿಕ್ಕಬಸಪ್ಪನ ಮೇಲೆ ಬಿತ್ತು. ಗೌಡರು ಅವನ ಮಂಡಿ ತಟ್ಟಿದರು.

"ಬರೋ ಸಂತೆಗಂಟ ಯಾರ್ ತಡೀತಾರ್ಲಾ? ಮನೆಯೋನು ನೀನು. ಒಳಗೋಗಿ ಕೇಳ್ಕಂಡು ಬಾ. ಈ ಸಲ ಎರಡು ಮೂಟೆ ಜಾಸ್ತೀನೇ ಹಾಕು ಬುಡು."

ಚಿಕ್ಕಬಸಪ್ಪ ತಕ್ಕಡಿ ಕೆಳಗಿಟ್ಟ. ಎದ್ದು ಪಂಚೆ ಮೇಲಕ್ಕೆ ಕಟ್ಟಿಕೊಂಡ. ಗೋಣಿಯ ಪರದೆಯನ್ನು ಒಂದು ಬದಿ ಸರಿಸಿ ತಲೆ ಒಳಗೆ ಹಾಕಿ, ಹೊರಗಿನವರಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದ:

"ಬರೀ ಹಂಡೆನಾ, ತೊಟ್ಟೀನೂ ತುಂಬಿಸ್ಲಾ?"